ಬೋರ್ಡಿಗೆ ಸ್ಟ್ಯಾಂಡ್ ಕೊಡಿಸಿ: ಮಾತು ಬಾರದ ಮಕ್ಕಳ ಪರವಾಗಿ ದೇಣಿಗೆ ಮನವಿ

ಮಾನ್ಯರೇ, ನಮಸ್ಕಾರ.

ದಾವಣಗೆರೆಯ ನಮ್ಮ ಕೇಂದ್ರಕ್ಕೆ ಊರಿನಿಂದ, ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯಿಂದ ಬರುವ ಮಕ್ಕಳಲ್ಲಿ ಬಾಯಿಂದ ಮಾತು ಬಾರದವರಿದ್ದಾರೆ. ಕೆಲವರಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಅಂಕೆಗೆ ಸಿಗದ ಸ್ಥಿತಿ), ಕೆಲವರಿಗೆ ಆಟಿಸಂ. ಅಕ್ಷರಗಳನ್ನು ಬರೆದ ಬೋರ್ಡಿನಲ್ಲಿ ಒಂದೊಂದೇ ಅಕ್ಷರ ಮುಟ್ಟಿ ತೋರಿಸಿ ಮನಸ್ಸಿನಲ್ಲಿದ್ದದ್ದನ್ನು ಹೇಳುವುದನ್ನು ಇವರಿಗೆ ಕಲಿಸುತ್ತೇವೆ. ಇದಕ್ಕೆ ಬೇಕಾದ 40 ಸೆಟ್ ಸಾಮಾನು ಮತ್ತು ತಂದೆತಾಯಿಯರ ತರಬೇತಿಗೆ ಈ ವರ್ಷ 2,20,000 ರೂಪಾಯಿ ಬೇಕಾಗಿದೆ.

ಇಂಗ್ಲಿಷಿನ ಬೋರ್ಡು 26 ಮನೆಯಲ್ಲಿ, ಅಂದರೆ 26 ಚೌಕದಲ್ಲಿ, ಮುಗಿಯುತ್ತದೆ. ಕನ್ನಡದ್ದು ಹಾಗಲ್ಲ. ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದರೆ ಗೋಡೆ ಸಾಲದು. ಅದಕ್ಕೇ ನಮ್ಮ ಬೋರ್ಡಿನಲ್ಲಿ 54 ಮನೆ: 13 ಸ್ವರ, ಅನುಸ್ವಾರ, ವಿಸರ್ಗ, 34 ವ್ಯಂಜನ, ಜೊತೆಗೆ 'ಒತ್ತು', 'ಜಾಗ ಬಿಡು', 'ತಪ್ಪಾಯ್ತು', 'ಮುಗೀತು', 'ಇದರಲ್ಲಿ ಇಲ್ಲ' ಎಂಬ ಐದು. ಎ3 ಹಾಳೆಯನ್ನು ಅಡ್ಡ ಇಟ್ಟು 9 ಕಂಬ, 6 ಸಾಲು ಹಾಕಿದರೆ ಒಂದೊಂದು ಮನೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಸಿಗುತ್ತದೆ. 'ನೀರು' ಎನ್ನಲು ನ, ಈ, ರ, ಉ: ನಾಲ್ಕು ಸಲ ಮುಟ್ಟಬೇಕು. ನಮ್ಮೂರಿನ ಮಗು ಬೇಗ ಕಲಿಯಲು ಹಟ ಹಿಡಿಯುವ 'ಮಿರ್ಚಿ'ಗೆ ಮ, ಇ, ರ, ಒತ್ತು, ಚ, ಇ. ಬರೆಯುವಾಗ ಅರ್ಕಾವತ್ತನ್ನು 'ಚಿ' ಆದಮೇಲೆ ಹಾಕುವುದು ರೂಢಿ, ಆದರೆ ಕಿವಿಗೆ 'ರ' ಮೊದಲು ಕೇಳುತ್ತದೆ. ಬೋರ್ಡಿನಲ್ಲಿ ಕಿವಿಗೆ ಕೇಳಿದ ಕ್ರಮವೇ ಸರಿ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ಕೀಲಿಮಣೆಯಲ್ಲೂ ಟೈಪ್ ಮಾಡುವುದು ಇದೇ ಕ್ರಮದಲ್ಲಿ, ಹಾಗಾಗಿ ಬೋರ್ಡು ಬಲ್ಲ ಮಗುವಿಗೆ ಮುಂದೆ ಕಂಪ್ಯೂಟರ್ ಹೊಸದೆನಿಸುವುದಿಲ್ಲ.

ಮೊದಲ ದಿನವೇ 54 ಮನೆಯ ಬೋರ್ಡು ಇಟ್ಟರೆ ಮಗು ಕಂಗಾಲಾಗುತ್ತದೆ. 'ಹೌದು', 'ಇಲ್ಲ' ಗಟ್ಟಿಯಾದ ಮೇಲೆ ಐದು ಅಕ್ಷರದಿಂದ ಶುರು. ಅವೂ ಸರ್ಕಾರಿ ಶಾಲೆಯ ನಲಿ-ಕಲಿ ಪಾಠದ ಕ್ರಮದಲ್ಲೇ: ರ, ಗ, ಸ, ದ, ಅ. ಸರ್ಕಾರಿ ಶಾಲೆಗೆ ಹೋಗುವ ಅಕ್ಕನೋ ತಮ್ಮನೋ ಮನೆಯಲ್ಲಿ ಜೊತೆಗೆ ಕೂರಬಹುದು ಎನ್ನುವುದಕ್ಕೆ ಈ ಕ್ರಮ. ಈ ಐದರಲ್ಲೇ ಸರ, ರಸ, ಅಗಸ, ಅರಸ, ಗರಗಸ ಹುಟ್ಟುತ್ತವೆ. ಅಕ್ಷರ ಕೂಡಿಬರುವ ತನಕ ಮಗು ಸುಮ್ಮನಿರಬೇಕಾಗಿಲ್ಲ. ಬೇಕು, ಬೇಡ, ನೋವು, ನಿಲ್ಲಿಸು, ಉಚ್ಚೆ ಎಂಬ ಚಿತ್ರಗಳು ಬೋರ್ಡಿನ ಹಿಂಬದಿಯಲ್ಲಿ ಮೊದಲ ದಿನದಿಂದಲೇ ಇರುತ್ತವೆ.

ಇನ್ನು ಸ್ಟ್ಯಾಂಡಿನ ಮಾತು. ದಾನಿಗಳು ಹೆಚ್ಚಾಗಿ ಕೇಳುವುದು ಇದನ್ನೇ: ಬೋರ್ಡನ್ನು ಅಮ್ಮ ಕೈಯಲ್ಲಿ ಹಿಡಿದರಾಗದೇ, ಕಬ್ಬಿಣದ ಸ್ಟ್ಯಾಂಡಿಗೆ ದುಡ್ಡು ಯಾಕೆ? ಆಗದು. ಗಾಳಿಯಲ್ಲಿ ಹಿಡಿದ ಬೋರ್ಡು, ಹಿಡಿದವರಿಗೇ ತಿಳಿಯದಂತೆ ಅವರು ಎಣಿಸಿದ ಅಕ್ಷರವನ್ನು ಬೆರಳಿನ ಹತ್ತಿರ ತರುತ್ತದೆ. ಮಗುವಿನ ಮಣಿಕಟ್ಟು, ಮೊಣಕೈ ಹಿಡಿದರಂತೂ ಇನ್ನೂ ಕೆಟ್ಟದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಹೀಗೆ ಕೈ ಹಿಡಿದು ಬರೆಸುವ ಪದ್ಧತಿ ಹಬ್ಬಿತ್ತು. ಪರೀಕ್ಷೆಯಲ್ಲಿ ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿದಾಗ, ಬಂದದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಅವರು ಮೋಸಗಾರರಲ್ಲ, ತಮ್ಮ ಕೈ ಆಡಿದ್ದು ಅವರ ಅರಿವಿಗೇ ಬಂದಿರಲಿಲ್ಲ. 1994ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘ ಈ ಪದ್ಧತಿಗೆ ಆಧಾರವಿಲ್ಲ ಎಂದಿತು. 2018ರಲ್ಲಿ ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘ, ಕೈ ಹಿಡಿಯುವ ಪದ್ಧತಿಯ ಜೊತೆಗೆ, ಬೋರ್ಡನ್ನು ಕೈಯಲ್ಲಿ ಹಿಡಿದು ಸೂಚನೆ ಕೊಡುತ್ತಾ ಹೋಗುವ ಪದ್ಧತಿಯನ್ನೂ ಬಳಸಬೇಡಿ ಎಂದು ಹೇಳಿದೆ. ತಾಯಿ ವರ್ಷಾನುಗಟ್ಟಲೆ ಕಾದಿದ್ದ ಮಾತು ಕೊನೆಗೂ ಬಂತು ಎಂದು ನಂಬಿ, ಅದು ಬೇರೆಯವರ ಮಾತೆಂದು ಗೊತ್ತಾಗುವ ಸಂಕಟ ಯಾರಿಗೂ ಬೇಡ. ಮಗುವಿನ ನಿಜವಾದ ಮಾತು ಅಡಿಯಲ್ಲೇ ಉಳಿದುಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಆದ್ದರಿಂದ ನಮ್ಮಲ್ಲಿ ಬೋರ್ಡು ಸ್ಟ್ಯಾಂಡಿಗೆ ಬಿಗಿಯಾಗಿರುತ್ತದೆ, ಮಗುವನ್ನು ಯಾರೂ ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಕಲಿಸುವವರು ಕೋಣೆಯ ಆಚೆ ಹೋಗುತ್ತಾರೆ, ಇನ್ನೊಬ್ಬರು ಡಬ್ಬಿಯಲ್ಲಿರುವ ಬಳೆಯನ್ನೋ ಬಾಚಣಿಗೆಯನ್ನೋ ಮಗುವಿಗೆ ತೋರಿಸಿ ಮುಚ್ಚಿಟ್ಟು ಹೊರಡುತ್ತಾರೆ. ಒಳಗೆ ಬಂದ ಮೇಷ್ಟ್ರಿಗೆ ಅದೇನೆಂದು ಮಗುವೇ ತಿಳಿಸಬೇಕು. ಬರಲಿಲ್ಲವೆಂದರೆ ಬೈಗುಳವಿಲ್ಲ, ಕಡಿಮೆ ಅಕ್ಷರದ ಬೋರ್ಡಿಗೆ ವಾಪಸ್.

ಕೈ ಸ್ವತಂತ್ರವಾಗಿ ಆಡಬೇಕಾದರೆ ಮೈಗೆ ಆಸರೆ ಬೇಕು. ಸೊಂಟ ಕುರ್ಚಿಯ ಬೆನ್ನಿಗೆ ತಾಗಿರಬೇಕು, ಪಾದ ಹಲಗೆಯ ಮೇಲೆ ಊರಿರಬೇಕು, ಮೊಣಕೈ ಟ್ರೇ ಮೇಲೆ ಕೂತಿರಬೇಕು. ಕಾಲು ಜೋತಾಡುತ್ತಿದ್ದರೆ ಬೆರಳು ನಡುಗುತ್ತದೆ. ಕೈ ಅಂಕೆಗೆ ಸಿಗದೆ ಅಕ್ಕಪಕ್ಕದ ಮನೆ ತಾಗಿಸುವ ಮಕ್ಕಳಿಗೆ, ಪ್ರತಿ ಅಕ್ಷರಕ್ಕೂ ತೂತು ಕೊರೆದ 3 ಎಂಎಂ ಅಕ್ರಿಲಿಕ್ ಹಲಗೆಯನ್ನು ಮೇಲೆ ಕೂರಿಸುತ್ತೇವೆ. ಅಂಗೈಯನ್ನು ಅದರ ಮೇಲೆ ಊರಿ ಬೆರಳನ್ನು ತೂತಿಗೆ ಇಳಿಸಿದರಾಯಿತು. ಲ್ಯಾಮಿನೇಷನ್ ಮ್ಯಾಟ್ ಆಗಿರಲೇಬೇಕು. ಹೊಳೆಯುವುದನ್ನು ಹಾಕಿಸಿದರೆ ಟ್ಯೂಬ್‌ಲೈಟ್ ಬಿದ್ದ ಕಡೆ ಒಂದು ಸಾಲು ಅಕ್ಷರವೇ ಮಾಯ. ಸುತ್ತ ಒಂದು ಬೆರಳಿನಷ್ಟು ಅಂಚು ಬಿಡದೆ ಕತ್ತರಿಸಿದರೆ ಜೊಲ್ಲು ಒಳಗಿಳಿದು ತಿಂಗಳಲ್ಲೇ ಹಾಳು.

ಮನೆಯವರು ಕಲಿಯಬೇಕಾದದ್ದೂ ಇದೆ. ಎರಡು ಅಕ್ಷರ ಬಂದ ಕೂಡಲೇ ಪದವನ್ನು ತಾವೇ ಮುಗಿಸಬಾರದು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಗೊತ್ತಿದ್ದುದನ್ನೇ 'ಇದೇನು, ಅದೇನು' ಎಂದು ಕೇಳುತ್ತಿದ್ದರೆ ಯಾವ ಮಗುವಿಗೂ ಬೇಸರ. 'ಬೋರ್ಡು ಕೊಟ್ಟರೆ ಇದ್ದಬದ್ದ ಮಾತೂ ನಿಲ್ಲುವುದಿಲ್ಲವೇ' ಎಂಬ ಹೆದರಿಕೆಗೆ ಆಧಾರವಿಲ್ಲ. ಇಂಥ ಸಾಧನ ಬಳಸಿದ್ದರಿಂದ ಮಾತು ಕುಗ್ಗುವುದಿಲ್ಲ ಎಂದೇ ಸಂಶೋಧನೆಗಳು ತೋರಿಸಿವೆ.

ಲೆಕ್ಕ ಹೀಗಿದೆ. ಎರಡು ಬೋರ್ಡು (ಒಂದು ಮನೆಗೆ, ಒಂದು ಶಾಲೆಗೆ) 600 ರೂ., ಸ್ಟ್ಯಾಂಡ್ 1,400 ರೂ., ಪ್ಲೈವುಡ್ ಟ್ರೇ ಮತ್ತು ಕಾಲುಹಲಗೆ 1,700 ರೂ.; ಒಂದು ಮಗುವಿಗೆ 3,700 ರೂಪಾಯಿ. 40 ಮಕ್ಕಳಿಗೆ 1,48,000. ತೂತಿನ ಅಕ್ರಿಲಿಕ್ ಹಲಗೆ 15 ಮಕ್ಕಳಿಗೆ ಸಾಕು, 800ರಂತೆ 12,000. ಆರು ದಿನದ ತರಬೇತಿಗೆ ಸ್ಪೀಚ್ ಥೆರಪಿಸ್ಟ್ ಗೌರವಧನ, ಹಳ್ಳಿಯಿಂದ ಬರುವ ತಂದೆತಾಯಿಯರ ಬಸ್ ಚಾರ್ಜು ಮತ್ತು ಊಟ 60,000. ಟ್ಯಾಬ್ ಕೊಡಿಸುತ್ತೇವೆ ಎಂದು ಮುಂದೆ ಬರುವ ದಾನಿಗಳಲ್ಲಿ ವಿನಂತಿ: ಈಗ ಬೇಡ. ಕರೆಂಟ್ ಹೋದಾಗಲೂ ಬಸ್ಸಿನಲ್ಲೂ ಕೆಲಸಕ್ಕೆ ಬರುವ ಬೋರ್ಡು ಮೊದಲು ಮಗುವಿನ ಕೈಗೆ ಸಿಗಲಿ.

ಪೂರ್ತಿ ಒಂದು ಸೆಟ್ ಕೊಡಬಹುದು, ಕೈಲಾದಷ್ಟು ಕೊಟ್ಟರೂ ಸಂತೋಷ. ಚೆಕ್ ಅಥವಾ ನಗದನ್ನು ಕೇಂದ್ರದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಬಿಲ್ಲುಗಳನ್ನು ಯಾವಾಗ ಬೇಕಾದರೂ ನೋಡಬಹುದು. ಬಡಗಿಗಳು, ವೆಲ್ಡರ್‌ಗಳು ಕೂಲಿ ಬಿಟ್ಟು ಕೆಲಸ ಮಾಡಿಕೊಟ್ಟರೆ ಅದೂ ದೇಣಿಗೆಯೇ. ಸ್ಟ್ಯಾಂಡಿನ ಎತ್ತರವನ್ನು ಮಾತ್ರ ವೆಲ್ಡ್ ಮಾಡಿ ಕೂರಿಸಬೇಡಿ, ಕೈಯಲ್ಲೇ ತಿರುಗಿಸುವ ನಟ್ಟು ಇಡಿ. ಮಕ್ಕಳು ಬೆಳೆಯುತ್ತಾರೆ.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಪರವಾಗಿ ಶಿಕ್ಷಕರು ಮತ್ತು ಪೋಷಕರು, ದಾವಣಗೆರೆ