ಹನ್ನೊಂದು ಸಲ ಪರಾಮರ್ಶೆ

ಚಿಕ್ಕಮಗಳೂರು

ಪ್ರೀತಿಯ ತಮ್ಮಾ,

ಸಕಲೇಶಪುರದಿಂದ ನೀನು ಕಳಿಸಿದ ಕತೆಗಳ ಕಟ್ಟು ತಲುಪಿತು. 'ಇದೂ ಆಗಲಿಲ್ಲ ಅಂದ್ರೆ ಬರೆಯೋದೇ ಬಿಡ್ತೀನಿ' ಎಂಬ ಚೀಟಿಯೂ ಸಿಕ್ಕಿತು. ಬಿಡುವುದನ್ನು ಆಮೇಲೆ ನೋಡೋಣ. ಕಾಗುಣಿತ, ಪ್ಯಾರಾ, ಪ್ರಕಾಶಕರ ವಿಳಾಸ, ಇವನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ತಕರಾರು ಒಂದೇ ಪದದ ಮೇಲೆ.

7 ಕತೆಗಳಲ್ಲಿ 11 ಸಲ 'ಪರಾಮರ್ಶೆ' ಬಂದಿದೆ. ಎಣಿಸಿದ್ದೇನೆ. 'ಅಜ್ಜಿ ಜಗಲಿಯಲ್ಲಿ ಕೂತು ಬದುಕನ್ನು ಪರಾಮರ್ಶಿಸಿದಳು' ಅಂತೆ. ಮಾರಾಯ, ಅಜ್ಜಿ ಏನೋ ಯೋಚನೆ ಮಾಡುತ್ತಾ ಕೂತಿದ್ದಳು, ಅಷ್ಟೆ. ಯೋಚನೆ ಸುಮ್ನೆ ಬರುತ್ತದೆ, ಹೋಗುತ್ತದೆ. ಪರಾಮರ್ಶೆಗೆ ಎದುರಿಗೆ ಏನಾದರೂ ಬೇಕು. ಲೆಕ್ಕದ ಪುಸ್ತಕವೋ, ಹಳೇ ತೀರ್ಪೋ, ಯಾರೋ ಆಡಿದ ಮಾತೋ. ಅದನ್ನು ಮತ್ತೆ ಕೈಗೆತ್ತಿಕೊಂಡು ಹೌದೋ ಅಲ್ಲವೋ ನೋಡಬೇಕು. ಲೈಬ್ರರಿಯಲ್ಲಿ ನಿಘಂಟು ಇಡುವ ಕಡೆಗೆ 'ಪರಾಮರ್ಶನ ವಿಭಾಗ' ಎನ್ನುವುದು ಅದಕ್ಕೇ. ಹಿಂದಿಯವರಿಗೆ ಇದೇ ಪದ ಸಲಹೆ. ತಮಿಳಿನಲ್ಲಿ 'ಪರಾಮರಿಪ್ಪು' ಆಗಿ ಆರೈಕೆಯ ಕಡೆ ತಿರುಗಿದೆ.

ಬೇರು ಸಂಸ್ಕೃತದ 'ಮೃಶ್'. ಮುಟ್ಟು, ಸವರು ಎಂದು ಅರ್ಥ. ವಿಮರ್ಶೆಗೂ ಅದೇ ಬೇರು. ಇದು ತಿಳಿಯುವ ಹೊತ್ತಿಗೆ ನನಗೆ 40 ದಾಟಿತ್ತು. ನಮ್ಮ ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಮುದುಕನಿಗೆ ಯಾರೂ ಹೇಳದೆಯೇ ಗೊತ್ತಿತ್ತು. ರಾಶಿಗೆ ಕೈ ಹಾಕಿ, ಒಂದು ಹಿಡಿ ಕಾಫಿ ಹಣ್ಣು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಗಲಗಲ ಅಂದರೆ ಮಾತ್ರ ಒಣಗಿದೆ ಎಂದು ಒಪ್ಪುತ್ತಿದ್ದ. ಎಷ್ಟು ದಿನ ಬಿಸಿಲು ಬಿತ್ತು ಎಂಬ ನಮ್ಮ ಲೆಕ್ಕ ಅವನಿಗೆ ಬೇಡ. 'ಪರಾಂಬರಿಸಿ ನೋಡ್ಬೇಕು' ಎನ್ನುತ್ತಿದ್ದ. ಪರಾಮರ್ಶೆಯೇ ಜನರ ಬಾಯಿಗೆ ಬಿದ್ದು ಹಾಗಾಗಿದೆ. 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆ ನಿನ್ನ ಕತೆಯ ಅಜ್ಜಿಗೂ ಗೊತ್ತಿರುತ್ತದೆ, ಅಲ್ವಾ? ಅವಳ ಬಾಯಲ್ಲಿ ಅದನ್ನು ಆಡಿಸಬಾರದಿತ್ತಾ?

ತರ್ಕಶಾಸ್ತ್ರದವರು ಇನ್ನೂ ಬಿಗಿ. ಬೆಟ್ಟದ ಮೇಲೆ ಹೊಗೆ ಕಂಡರೆ ಸಾಲದು. ಬೆಂಕಿ ಇಲ್ಲದೆ ಹೊಗೆ ಇಲ್ಲ ಎಂಬುದು ನೆನಪಾಗಬೇಕು. ಅಂಥ ಹೊಗೆಯೇ ಈ ಬೆಟ್ಟದ ಮೇಲಿದೆ ಎಂದು ಎರಡೂ ಕೂಡಿಕೊಳ್ಳುವ ಅರಿವೇ ಪರಾಮರ್ಶೆ. ಬೆಂಕಿ ಇದೆ ಎಂಬ ತೀರ್ಮಾನ ಅದರ ಹಿಂದೆ ಬರುತ್ತದೆ. ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ನೋಡಿದ್ದೀಯಲ್ಲ, ಮಂಜು ಥೇಟ್ ಹೊಗೆಯ ಹಾಗೇ ಏಳುತ್ತದೆ. ನಿನ್ನ ಕತೆಗಳಲ್ಲಿ ಜಾಸ್ತಿ ಕಂಡಿದ್ದು ಮಂಜೇ.

ನಾನೇನು ಸಾಚಾ ಅಲ್ಲ. ಹಿಂದೆ ಒಂದು ಪತ್ರಿಕೆಗೆ ಕವನ ಸಂಕಲನದ ವಿಮರ್ಶೆ ಬರೆದೆ. ಓದಿದ್ದು ಮುನ್ನುಡಿ ಮತ್ತು ಮೊದಲ 10 ಪುಟ. 'ಆಳವಾದ ಪರಾಮರ್ಶೆ' ಎಂದು ಸಂಪಾದಕರು ಹೊಗಳಿದರು. ನಾನು ನಂಬಿದೆ ಕೂಡ. ವರ್ಷದ ಮೇಲೆ ಹಾಸನದ ಬಸ್ ನಿಲ್ದಾಣದಲ್ಲಿ ಆ ಕವಿ ಸಿಕ್ಕಿದರು. ಬೈಯಲಿಲ್ಲ, ಕಾಫಿ ಕುಡಿಸಿದರು. '30ನೇ ಪುಟದ್ದು ನಮ್ಮಮ್ಮನ ಮೇಲೆ ಬರೆದದ್ದು. ಹೇಗನಿಸಿತು?' ಎಂದರು. ಬಸ್ ಬಂತು ಎಂದು ಎದ್ದುಬಿಟ್ಟೆ. ಬಸ್ ಬಂದಿರಲಿಲ್ಲ.

ನಿನ್ನ ಕಟ್ಟನ್ನು ಕೊನೇ ಹಾಳೆಯವರೆಗೂ ಓದಿದ್ದೇನೆ. ಕರು ಕಳೆದುಹೋದ ಕತೆಯಲ್ಲಿ ಆ ಪದ ಒಂದು ಸಲವೂ ಇಲ್ಲ. ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಉಳಿದ ಆರೂ ಇದರ ಜೊತೆ ವಾಪಸ್ ಬರುತ್ತಿವೆ.