ಮಾಳಿಗೆ ತೊಳೆಯುವ ಕಸುಬು: ಮೊದಲು ಕೊಳೆ ನೋಡಿ, ಆಮೇಲೆ ಯಂತ್ರ ಕೊಳ್ಳಿ

ಮಾನ್ಯರೇ,

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದಂತೆ ಮಾಳಿಗೆ, ಅಂದರೆ ಮನೆಯ ಮೇಲಿನ ತಾರಸಿ, ತೊಳೆಸುವವರು ಹೆಚ್ಚುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಇದನ್ನೇ ಕಸುಬು ಮಾಡಿಕೊಳ್ಳಲು ಹೊರಟ ಹುಡುಗರೂ ಇದ್ದಾರೆ. ಒಳ್ಳೆಯ ಮಾತೇ. ಆದರೆ ಒಂದು ಮನೆಯ ಕೆಲಸವೂ ಕೈಗೆ ಬರುವ ಮುಂಚೆ ಕಂತಿನ ಮೇಲೆ ದೊಡ್ಡ ಪ್ರೆಷರ್ ವಾಷರ್ ತರುವುದು, ಅಂಗಡಿಯವರು ಕೊಟ್ಟ ಆಸಿಡ್ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುವುದು ನಡೆಯುತ್ತಿದೆ. ಒಂದು ತೊಳೆಯುವವರ ಜೇಬಿಗೆ ಪೆಟ್ಟು, ಇನ್ನೊಂದು ಮನೆಯವರ ಸ್ಲ್ಯಾಬಿಗೆ ಪೆಟ್ಟು.

ನಮ್ಮ ಕಡೆ ಮಾಳಿಗೆಯ ಕೊಳೆ ಒಂದೇ ಬಗೆಯದಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿ ಓಡಾಡುವ ರಸ್ತೆಬದಿಯ ಮನೆಗಳ ಮೇಲೆ ಕೆಂಪು ಧೂಳು. ಕೊಪ್ಪಳದ ಗಿಣಿಗೇರಾ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಪುಡಿ. ಶಕ್ತಿನಗರ, ಕುಡತಿನಿ ಬಳಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಇದರ ಮೇಲೆ, ನೀರಿನ ಟ್ಯಾಂಕ್ ತುಂಬಿ ಹರಿಯುವಲ್ಲಿ, ಮಳೆನೀರು ನಿಲ್ಲುವ ಮೂಲೆಗಳಲ್ಲಿ ಕಪ್ಪು ಪಾಚಿ. ಪಾಚಿಗೆ ಹಾಕುವ ಔಷಧ ಅದಿರಿನ ಕಲೆಗೆ ನಾಟುವುದಿಲ್ಲ, ಅದಿರಿನ ಕಲೆಗೆ ಹಾಕುವುದು ಪಾಚಿಯನ್ನು ಬೇರುಸಹಿತ ಕೊಲ್ಲುವುದಿಲ್ಲ.

ಕಪ್ಪು ಪುಡಿ ಯಾವುದೆಂದು ತಿಳಿಯಲು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೆಲದ ಮೇಲೆ ಎಳೆದು ನೋಡಿ. ಪುಡಿ ಗಡ್ಡದ ಹಾಗೆ ಅಂಟಿಕೊಂಡು ಎದ್ದರೆ ಅದರಲ್ಲಿ ಕಬ್ಬಿಣ ಬಹಳ ಇದೆ. ಅದನ್ನು ಒದ್ದೆ ಮಾಡಿ ಬಿಟ್ಟರೆ ಒಂದೆರಡು ದಿನದಲ್ಲಿ ಮಾಳಿಗೆ ತುಂಬ ಕಂದು ಚುಕ್ಕೆಗಳು ಏಳುತ್ತವೆ, ಗೂಬೆ ತೊಳೆದವರ ಮೇಲೆ ಕೂರುತ್ತದೆ. ಸಂಡೂರಿನ ಕೆಂಪು ಅದಿರು ಹೆಮಟೈಟ್ ಆದ್ದರಿಂದ ಮಾಮೂಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ ಬಣ್ಣವೇ ಗುರುತು. ಯಾವ ಧೂಳೇ ಇರಲಿ, ನೀರು ಮುಟ್ಟಿಸುವ ಮೊದಲು ಮಾಸ್ಕ್ ಹಾಕಿಕೊಂಡು ಗುಡಿಸಿ ಚೀಲಕ್ಕೆ ತುಂಬಬೇಕು. ಮೊದಲೇ ನೀರು ಬಿಟ್ಟರೆ ಎಲ್ಲ ರಾಡಿಯಾಗಿ ಪೈಪಿನ ಬೆಂಡಿನಲ್ಲಿ ಕೂತು ಗಟ್ಟಿಯಾಗುತ್ತದೆ. ಮಳೆನೀರು ಕೊಯ್ಲಿನ ತೊಟ್ಟಿಗೆ ಹೋಗುವ ಪೈಪಿದ್ದರೆ ಅದನ್ನೂ ಆಗಲೇ ಬಿಚ್ಚಿಡಬೇಕು.

ಇನ್ನು ಯಂತ್ರ. ಹತ್ತಿಗೆ, ಮೆಣಸಿನಕಾಯಿಗೆ, ದಾಳಿಂಬೆಗೆ ಎಣ್ಣೆ (ಕೀಟನಾಶಕ) ಹೊಡೆಯುವ, ಮೂರು ಪಿಸ್ಟನ್ನಿನ ಎಚ್‌ಟಿಪಿ ಪಂಪು ನಮ್ಮ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಸಿಗುತ್ತದೆ, ರಿಪೇರಿ ಮಾಡುವವರೂ ಅಲ್ಲೇ ಇರುತ್ತಾರೆ. 2 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಕೂಡಿಸಿದರೆ ನಿಮಿಷಕ್ಕೆ ಸುಮಾರು 20 ಲೀಟರ್ ನೀರು, ಚದರ ಸೆಂಟಿಮೀಟರಿಗೆ 20ರಿಂದ 30 ಕೆಜಿ ಒತ್ತಡದಲ್ಲಿ ಕೊಡುತ್ತದೆ. ಮಾಳಿಗೆ ಜಾಲಿಸಲು ಇಷ್ಟು ಧಾರಾಳವಾಯಿತು. ಕಾರು ತೊಳೆಯುವ ಸಣ್ಣ ಪ್ರೆಷರ್ ವಾಷರ್ 100 ಬಾರ್ (ಒಂದು ಬಾರ್ ಹೆಚ್ಚುಕಡಿಮೆ ಅದೇ ಲೆಕ್ಕದ ಒಂದು ಕೆಜಿ) ಮೀರಿದ ಒತ್ತಡ ಕೊಟ್ಟರೂ ನೀರು ಬರುವುದು ನಿಮಿಷಕ್ಕೆ ಆರೇಳು ಲೀಟರ್. ಧೂಳನ್ನು ಕೊಚ್ಚಿಕೊಂಡು ಹೋಗುವುದು ನೀರಿನ ಪ್ರಮಾಣವೇ ಹೊರತು ಒತ್ತಡವಲ್ಲ. ಅದರಲ್ಲೂ ನೀರಿನ ಮೊನೆಯನ್ನು ಗಿರಗಿರ ತಿರುಗಿಸುವ ಟರ್ಬೊ ನಾಜಲ್ ಹಳೆಯ ಸ್ಲ್ಯಾಬಿನ ಮೇಲಿನ ಸಿಮೆಂಟ್ ಪದರವನ್ನೇ ಕೆರೆದುಹಾಕುತ್ತದೆ. ಆ ದಿನ ಮಾಳಿಗೆ ಹೊಸದರಂತೆ ಕಾಣುತ್ತದೆ, ಮನೆಯವರಿಗೂ ಖುಷಿ. ಆದರೆ ಮರಳು ಬಿಚ್ಚಿಕೊಂಡ ಮೈ ಹೆಚ್ಚು ನೀರು ಹಿಡಿಯುತ್ತದೆ, ಮುಂದಿನ ಮಳೆಗೆ ಪಾಚಿ ಇನ್ನೂ ಬೇಗ ಬರುತ್ತದೆ. ವಾಟರ್‌ಪ್ರೂಫ್ ಪೇಂಟ್ ಹೊಡೆದಿದ್ದರೆ ಸಿಪ್ಪೆಯೆದ್ದು ಹೋಗುತ್ತದೆ.

ಎಚ್‌ಟಿಪಿ ಕೊಳ್ಳುವಾಗ ಪೈಪಿನಲ್ಲಿ ಉಳಿತಾಯ ಮಾಡಬೇಡಿ. 50 ಮೀಟರ್ ಒತ್ತಡದ ಪೈಪಿದ್ದರೆ ಪಂಪನ್ನು ಕೆಳಗೇ ಇಟ್ಟು ಎರಡಂತಸ್ತಿನ ಮಾಳಿಗೆ ತೊಳೆಯಬಹುದು. ಗನ್ನಿಗೆ ಬೀಸಣಿಗೆಯಂತೆ ಹರಡುವ ನಾಜಲ್ ಇರಲಿ, ನೆಲದಿಂದ ಒಂದು ಅಡಿ ದೂರ ಹಿಡಿಯಿರಿ. ಹೀರುವ ಪೈಪಿನ ಜಾಲರಿ ಡ್ರಮ್ಮಿನ ತಳಕ್ಕೆ ತಾಗಕೂಡದು, ಕೆಸರು ಹೀರುತ್ತದೆ. ನೀರು ಮುಗಿದ ಮೇಲೂ ಪಂಪು ಓಡಿದರೆ ಪ್ಲಂಜರಿನ (ಒಳಗೆ ಹಿಂದೆಮುಂದೆ ಓಡುವ ದಂಡದ) ಪ್ಯಾಕಿಂಗ್ ಸುಟ್ಟೇ ಹೋಗುತ್ತದೆ. ಪಂಪಿನ ಗ್ರೀಸ್ ಬಟ್ಟಲನ್ನು (ಗ್ರೀಸ್ ಕಪ್) ಎರಡು ಗಂಟೆಗೊಮ್ಮೆ ಒಂದು ಸುತ್ತು ತಿರುವಬೇಕು, ಇದನ್ನು ಮರೆಯುವವರೇ ಹೆಚ್ಚು. ಮೋಟಾರಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಒದ್ದೆ ನೆಲದ ಮೇಲೆ ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆಯುವುದು ಜೀವಕ್ಕೇ ಸಂಚಕಾರ.

ರಾಸಾಯನಿಕವನ್ನು ಮಾತ್ರ ಎಚ್‌ಟಿಪಿಯಲ್ಲಿ ಹೊಡೆಯಬಾರದು, ಒಳಗಿನ ಹಿತ್ತಾಳೆ ಭಾಗಗಳನ್ನು ಅದು ತಿನ್ನುತ್ತದೆ. ಅದಕ್ಕೆ ಬೆನ್ನಿಗೆ ಹಾಕುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ಬೇರೆ ಇರಲಿ, ಎರಡೂವರೆ ಮೂರು ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಹೊಲದಲ್ಲಿ ಬಳಸಿದ ಹಳೆಯ ಸ್ಪ್ರೇಯರನ್ನೇ ತಂದು ಬಳಸುವ ಆಸೆ ಬೇಡ. ಡಿಎಪಿ, ಯೂರಿಯಾ ಕದಡಿ ಹೊಡೆದ ಟ್ಯಾಂಕಿಗೆ ಹೈಪೋ (ಪಾಚಿ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್) ಸುರಿದರೆ ಉಸಿರುಗಟ್ಟಿಸುವ ವಿಷಾನಿಲ ಏಳುತ್ತದೆ, ಕಳೆನಾಶಕದ ಅಂಶ ಉಳಿದಿದ್ದರೆ ಮನೆಯವರ ಕುಂಡದ ಗಿಡಗಳು ಬಾಡುತ್ತವೆ.

ಪಾಚಿಗೆ ಮದ್ದು ಸೋಡಿಯಂ ಹೈಪೋಕ್ಲೋರೈಟ್. ನೀರು ಶುದ್ಧೀಕರಣದ ಕೆಮಿಕಲ್ ಮಾರುವಲ್ಲಿ 10ರಿಂದ 12 ಶೇಕಡಾ ಸಾಂದ್ರತೆಯದು ಕ್ಯಾನಿನ ಲೆಕ್ಕದಲ್ಲಿ ಸಿಗುತ್ತದೆ. ಸ್ಪ್ರೇಯರಿಗೆ ಮೊದಲು 12 ಲೀಟರ್ ನೀರು, ಆಮೇಲೆ 4 ಲೀಟರ್ ಹೈಪೋ, ಕೊನೆಗೆ 100ರಿಂದ 150 ಮಿಲಿಲೀಟರ್ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಮೊದಲೇ ಹಾಕಿದರೆ ನೊರೆಯೇ ಟ್ಯಾಂಕ್ ತುಂಬುತ್ತದೆ. ಸುಮಾರು ಎರಡೂವರೆ ಶೇಕಡಾ ಸಾಂದ್ರತೆಯ ಈ ಮಿಶ್ರಣದ ಒಂದು ಟ್ಯಾಂಕ್ 400 ಚದರ ಅಡಿ ಪಾಚಿಗೆ ಸಾಕು. ಇಡೀ ಮಾಳಿಗೆಗೆ ಹೊಡೆಯುವ ಅಗತ್ಯವಿಲ್ಲ, ಕಪ್ಪಿದ್ದಲ್ಲಿ ಹೊಡೆದು 15–20 ನಿಮಿಷ ಒದ್ದೆಯಾಗಿಯೇ ಇಡಬೇಕು. ನಮ್ಮ ಬಿಸಿಲಿಗೆ ಹತ್ತು ಗಂಟೆಯ ಮೇಲೆ ಹೊಡೆದದ್ದು ಕೆಲಸ ಮಾಡುವ ಮುನ್ನವೇ ಆರಿ ಹೋಗುತ್ತದೆ. ಬೆಳಗ್ಗೆ ಎಂಟರೊಳಗೆ ಹೊಡೆಯುವುದು ಒಳ್ಳೆಯದು. ಮಿಶ್ರಣ ಹೊಡೆಯುವ ಮೊದಲೂ ಆಮೇಲೂ ಹತ್ತಿರದ ಗಿಡಗಳಿಗೆ ಬರೀ ನೀರು ಹಾಯಿಸಿ.

ಹಣ ಪೋಲಾಗುವ ಇನ್ನೊಂದು ಜಾಗ ದಾಸ್ತಾನು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಹೈಪೋ ಒಂದೇ ತಿಂಗಳಲ್ಲಿ ಅರ್ಧ ಶಕ್ತಿಗೆ ಇಳಿಯುವುದುಂಟು. ವಾಸನೆ ಇದ್ದ ಮಾತ್ರಕ್ಕೆ ಕಸುವಿದೆ ಎಂದಲ್ಲ. ಪಾಚಿಯ ಮೇಲೆ ಒಂದು ಅಂಗೈಯಗಲ ಮಿಶ್ರಣ ಸುರಿದು ನೋಡಿ. ಐದು ನಿಮಿಷದಲ್ಲಿ ಬಣ್ಣ ಬಿಳುಪೇರದಿದ್ದರೆ ಮಾಲು ಸತ್ತಿದೆ. ವಾರಕ್ಕೆ ಬೇಕಾದಷ್ಟೇ ತಂದು ನೆರಳಿನಲ್ಲಿಡಿ. ಅನಿಲ ಹೊರಹೋಗಲು ಕ್ಯಾನಿನ ಮುಚ್ಚಳದಲ್ಲಿ ತೂತಿರಬೇಕು, ಇಲ್ಲವಾದರೆ ಕ್ಯಾನ್ ಉಬ್ಬುತ್ತದೆ. ಅಗ್ಗವೆಂದು ಬ್ಲೀಚಿಂಗ್ ಪೌಡರ್ ಕದಡಿ ಹೊಡೆಯುವವರ ನಾಜಲ್ ಸುಣ್ಣ ಕಟ್ಟಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಸ್ಪ್ರೇಯರಿನಲ್ಲಿ ಎರಡು ಸಲ ಬರೀ ನೀರು ಹೊಡೆದು ತೊಳೆಯದಿದ್ದರೆ ಅದರೊಳಗಿನ ರಬ್ಬರ್ ಪದರ (ಡಯಾಫ್ರಮ್) ಬೇಗ ಕೈಕೊಡುತ್ತದೆ.

ಅದಿರಿನ ಕಲೆ, ತುಕ್ಕಿನ ಚುಕ್ಕೆಗೆ ಆಕ್ಸಾಲಿಕ್ ಆಸಿಡ್ ಪುಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಕರಗಿಸಿ, ಕಲೆಯ ಮೇಲಷ್ಟೇ ಬ್ರಷ್ಷಿನಿಂದ ಹಚ್ಚಿ, 10 ನಿಮಿಷ ಬಿಟ್ಟು ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಬೇಕು. ತಂತಿ ಬ್ರಷ್ ಬೇಡ, ಉದುರಿದ ತಂತಿಯ ಚೂರೇ ಮತ್ತೆ ತುಕ್ಕು ಹಿಡಿಯುತ್ತದೆ. ಈ ಪುಡಿ ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ಕುತ್ತು, ಆದ್ದರಿಂದ ಕೈಗವಸು, ಕನ್ನಡಕ ಬೇಕು. ಹೈಪೋ ಹೊಡೆದ ದಿನ ಇದನ್ನು ಮುಟ್ಟಲೇಬೇಡಿ. ಹೈಪೋಗೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಹೊರಡುತ್ತದೆ. ಪಾಚಿ ಕೆಲಸ ಮುಗಿಸಿ, ಚೆನ್ನಾಗಿ ಜಾಲಿಸಿ, ಕಲೆಯ ಕೆಲಸ ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.

ಬಾತ್‌ರೂಮ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್, ಮಾಳಿಗೆಗೆ ಸಲ್ಲದು. ಸಿಮೆಂಟನ್ನು ಬುರುಗೆಬ್ಬಿಸಿ ತಿನ್ನುತ್ತದೆ, ಬಿರುಕಿನಲ್ಲಿ ಇಳಿದ ಕ್ಲೋರೈಡ್ ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ಶಹಾಬಾದಿ, ಕಡಪ ಕಲ್ಲು ಸುಣ್ಣಕಲ್ಲಾದ್ದರಿಂದ ಆಕ್ಸಾಲಿಕ್ ಕೂಡ ಅದರ ಹೊಳಪು ಕಳೆಯುತ್ತದೆ. ಜಿಂಕ್ ತಗಡಿಗೆ ಸೋಪಿನ ನೀರು, ಮೆತ್ತನೆಯ ಬ್ರಷ್ ಬಿಟ್ಟರೆ ಬೇರೇನೂ ಬೇಡ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್‌ಬೆಸ್ಟಾಸ್ ನಾರಿರುತ್ತದೆ. ಅದನ್ನು ಉಜ್ಜುವುದೂ ಬೇಡ, ಅದರ ಮೇಲೆ ಕಾಲಿಡುವುದೂ ಬೇಡ. ಮಣ್ಣಿನ ಮಾಳಿಗೆಯ ಮನೆಯವರು ಕರೆದರೆ ಕೈ ಮುಗಿದು ಬರುವುದೇ ಲೇಸು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಪೇಟೆಯಲ್ಲಿ ಹೈಪೋ, ಆಸಿಡ್ ಎರಡನ್ನೂ ಚೀಟಿಯಿಲ್ಲದ ಹಳೆಯ ನೀರಿನ ಬಾಟಲಿಯಲ್ಲಿ ತುಂಬಿ ಕೊಡುವುದು ನಿಂತಿಲ್ಲ. ಬಿಡಿ ಆಸಿಡ್ ಮಾರಾಟಕ್ಕೆ ಗುರುತಿನ ಚೀಟಿ, ನೋಂದಣಿ ಪುಸ್ತಕ ಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮೂರೂ ಜಿಲ್ಲಾಡಳಿತಗಳು ಹಬ್ಬದ ಮುನ್ನ ಈ ಅಂಗಡಿಗಳನ್ನು ಒಮ್ಮೆ ತಪಾಸಣೆ ಮಾಡಲಿ. ಹೆಸರು, ಸಾಂದ್ರತೆ, ತಯಾರಾದ ತಿಂಗಳು ಬರೆಯದ ಕ್ಯಾನ್ ಮಾರದಂತೆ ನೋಡಿಕೊಳ್ಳಲಿ. ಸ್ವಉದ್ಯೋಗ ತರಬೇತಿ ಕೊಡುವ ಸಂಸ್ಥೆಗಳು ಪಂಪಿನ ರಿಪೇರಿ ಮತ್ತು ಈ ಮಿಶ್ರಣಗಳ ಪಾಠಕ್ಕೆ ಎರಡು ದಿನ ಮೀಸಲಿಟ್ಟರೆ ಸಾಲ ಮಂಜೂರು ಮಾಡುವ ಬ್ಯಾಂಕಿನವರಿಗೂ ಯಾವ ಯಂತ್ರಕ್ಕೆ ಎಷ್ಟು ಕೊಡಬೇಕೆಂಬ ಅಂದಾಜು ಸಿಕ್ಕೀತು.

– ಓದುಗರು, ಕೊಪ್ಪಳ