ಗಾವೊಕಾವೊ: ಅಂಕವೇ ಎಲ್ಲ ಅಲ್ಲ

ಮಾನ್ಯರೇ,

ಚೀನಾದಲ್ಲಿ ವಿಶ್ವವಿದ್ಯಾಲಯ ಸೇರಲು ಬರೆಯುವ ಗಾವೊಕಾವೊ ಪರೀಕ್ಷೆಯನ್ನು ಹೊಗಳುವವರು ನಮ್ಮಲ್ಲಿ ಜಾಸ್ತಿ. ವಶೀಲಿ ನಡೆಯಲ್ಲ, ಅಂಕ ಬಂದರೆ ಸೀಟು ಅಂತಾರೆ. ಅದು ಅರ್ಧ ಸತ್ಯ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ. ಆದರೆ ವಿಶ್ವವಿದ್ಯಾಲಯಗಳು ಸೀಟು ಹಂಚುವುದು ಪ್ರಾಂತ್ಯವಾರು. ಹಾಗಾಗಿ ಎಷ್ಟು ಅಂಕ ಬಂತು ಅನ್ನೋದಕ್ಕಿಂತ ನಿಮ್ಮ ಪ್ರಾಂತ್ಯದಲ್ಲಿ ಎಷ್ಟನೇ ರ‍್ಯಾಂಕ್ ಅನ್ನೋದೇ ಮುಖ್ಯ. ಹೆನಾನ್ ಪ್ರಾಂತ್ಯದಲ್ಲಿ ಪರೀಕ್ಷೆಗೆ ಕೂರುವವರೇ 10 ಲಕ್ಷ ದಾಟುತ್ತಾರೆ. ಪೀಕಿಂಗ್, ತ್ಸಿಂಗ್ಹುವಾದಂಥ ಮೇಲಿನ ರ‍್ಯಾಂಕಿಂಗ್‌ನ ವಿಶ್ವವಿದ್ಯಾಲಯ ಸೇರುವುದು ಅಲ್ಲಿಯವರಿಗಿಂತ ಬೀಜಿಂಗ್ ಮಕ್ಕಳಿಗೆ ಎಷ್ಟೋ ಸಲೀಸು. ಬೀಜಿಂಗ್‌ಗೆ ಗುಳೆ ಬಂದ ಕೂಲಿಕಾರರ ಮಕ್ಕಳ ಪಾಡಂತೂ ಕೇಳಲೇಬೇಡಿ. ಓದಿದ್ದು ಅಲ್ಲೇ ಆದರೂ, ಹುಕೌ ಎಂಬ ನಿವಾಸ ನೋಂದಣಿ ಊರಿನಲ್ಲಿದ್ದರೆ ಸಾಮಾನ್ಯವಾಗಿ ಊರಿಗೇ ಹೋಗಿ ಪರೀಕ್ಷೆ ಬರೆಯಬೇಕು.

ಅಲ್ಲಿನ ಒಂದು ನಿಯಮ ಮಾತ್ರ ನನಗೆ ಬಹಳ ಹಿಡಿಸಿತು. ಮೊದಲ ಸ್ಥಾನ ಬಂದವರನ್ನು ಮುಂದಿಟ್ಟು ಪ್ರಚಾರ ಮಾಡಬಾರದು ಅಂತ ಶಿಕ್ಷಣ ಸಚಿವಾಲಯ ಶಾಲೆಗಳಿಗೂ ಮಾಧ್ಯಮಗಳಿಗೂ ತಾಕೀತು ಮಾಡಿದೆ. ಎಲ್ಲರೂ ಪಾಲಿಸ್ತಾರೆ ಅಂತಲ್ಲ. ನಮ್ಮಲ್ಲಿ ಸಿಇಟಿ, ನೀಟ್ ಫಲಿತಾಂಶದ ಮರುದಿನ ಮುಖಪುಟದ ತುಂಬಾ ಕೋಚಿಂಗ್ ಸೆಂಟರ್‌ಗಳ ಫೋಟೊ ಜಾಹೀರಾತೇ, ಅಲ್ವಾ? ಅವನ್ನು ಒಳಪುಟಕ್ಕಾದರೂ ಸರಿಸಿ ಸಂಪಾದಕರೇ.

– ಓರ್ವ ಓದುಗ, ದಾವಣಗೆರೆ